ನಾಲ್ಕು ಬೆರಳು ಎತ್ತರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ತಲೆ ತಗ್ಗಿಸಿ ಗಾಜು ಉಜ್ಜುವ ಈ ಉದ್ದನೆಯ ಹುಡುಗಿ ಒಂದು ಕಾಲದಲ್ಲಿ ಮೂರು ಮಹಡಿ ಎತ್ತರದಿಂದ ತಲೆಕೆಳಗಾಗಿ ನೀರಿಗೆ ಹಾರುತ್ತಿದ್ದಳು ಎಂದರೆ ಯಾರೂ ನಂಬುವುದಿಲ್ಲ. ಅಂಗಡಿಯ ಯಜಮಾನ ಅವಳ ಸೋದರಮಾವ. ಅವನಿಗೋ ಅದನ್ನು ಹೇಳದಿದ್ದರೆ ತಿಂದದ್ದು ಅರಗದು. "ನಮ್ಮ ಹುಡುಗಿ ಟೀವೀಲಿ ಬಂದವಳು ಸ್ವಾಮಿ" ಎಂದು ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ ಶುರುಮಾಡುತ್ತಿದ್ದ. ಗಿರಾಕಿ ಕುತ್ತಿಗೆ ಚಾಚಿ ಒಳಗೆ ಇಣುಕುತ್ತಿದ್ದ. ಒಂದು ದಿನ ಅವಳು ಹೊರಗೆ ಬಂದು, "ಮಾವ, ಇನ್ನೊಂದ್ಸಲ ಹೇಳಿದ್ರೆ ನಾಳೆಯಿಂದ ನಾನು ಬರಲ್ಲ" ಎಂದಳು. ಅಂದಿನಿಂದ ಅವನು ಅವಳು ಊಟಕ್ಕೆ ಹೋದಾಗ ಮಾತ್ರ ಹೇಳುತ್ತಾನೆ.

ಅವಳ ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಗುಂಡಿ ಹಾಕುವ ಕೆಲಸದಲ್ಲಿದ್ದಳು. ಭಾನುವಾರ ಅಪ್ಪ ಮಗಳನ್ನೂ ಮಗನನ್ನೂ ಊರಿನ ಈಜುಕೊಳಕ್ಕೆ ಕರೆದುಕೊಂಡು ಹೋಗಿ, ತಾನು ಮೆಟ್ಟಿಲ ಮೇಲೆ ಕೂತು ತೂಕಡಿಸುತ್ತಿದ್ದ. ಅವಳಿಗೆ ಹತ್ತು ವರ್ಷವಾಗಿದ್ದಾಗ ಒಂದು ಭಾನುವಾರ, ಓಣಿಯ ಮಕ್ಕಳೆಲ್ಲ ಎತ್ತರದ ಹಲಗೆ ಹತ್ತುವುದು, ಕೆಳಗೆ ನೋಡುವುದು, ಬಂದ ದಾರಿಗೆ ಸುಂಕವಿಲ್ಲವೆಂದು ಏಣಿಯಲ್ಲೇ ಇಳಿಯುವುದು ನಡೆದಿತ್ತು. ಇವಳು ಹತ್ತಿದಳು, ಹಾರಿದಳು. ನೀರಿನಿಂದ ಮೇಲೆ ಬಂದಾಗ ಕೊರಳಿಗೆ ಸೀಟಿ ಹಾಕಿಕೊಂಡಿದ್ದ ಹೆಂಗಸೊಬ್ಬರು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

"ಕಣ್ಣು ಯಾಕೆ ಮುಚ್ಚಲಿಲ್ಲ ನೀನು?"

"ಮುಚ್ಚಿದ್ರೆ ನೀರು ಎಲ್ಲಿದೆ ಅಂತ ಹೇಗೆ ಗೊತ್ತಾಗತ್ತೆ?"

ಆ ಹೆಂಗಸೇ ಮುಂದೆ ಅವಳ ಪಾಲಿಗೆ ಕೋಚ್ ಮೇಡಂ ಆದರು. ಎರಡು ತಿಂಗಳಲ್ಲಿ ಒಂದು ಟ್ರಂಕು, ಒಂದು ದಿಂಬು, ಅಮ್ಮ ಹೆಸರು ಹೊಲಿದುಕೊಟ್ಟ ಆರು ಟವೆಲ್ಲುಗಳೊಂದಿಗೆ ಅವಳು ಕ್ರೀಡಾ ಹಾಸ್ಟೆಲ್ಲಿಗೆ ಬಂದಳು. ಕೋಣೆಯಲ್ಲಿ ಆಗಲೇ ಒಬ್ಬಳಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದವಳ ಮಗಳು, ತಂದೆಯಿಲ್ಲದ ಹುಡುಗಿ, ಬಂದ ದಿನದಿಂದ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದವಳು. ಇವಳು ಹೋಗಿ ಪಕ್ಕದಲ್ಲಿ ಕೂತು ಒಂದು ಗಂಟೆ ಬಾಯಿ ಮುಚ್ಚದೆ ಮಾತಾಡಿದಳು. ಅವಳು ಅಳು ನಿಲ್ಲಿಸಿದ್ದು ಸಮಾಧಾನವಾಗಿಯೋ ಸಾಕಾಗಿಯೋ ಹೇಳುವುದು ಕಷ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಡಂ, "ಒಂದು ಮೈನಾ, ಒಂದು ಗುಬ್ಬಿ" ಎಂದು ನಕ್ಕರು. ಆ ಹೆಸರುಗಳೇ ನಿಂತವು.

ಮೇಡಂ ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ನೋಡಿದರು. ಒಂದೇ ಎತ್ತರ, ಒಂದೇ ಮೈಕಟ್ಟು. ಜೋಡಿ ಡೈವಿಂಗಿಗೆ ಬೇಕಾದದ್ದು ಅದೇ. ಇಬ್ಬರು ಅಕ್ಕಪಕ್ಕ ನಿಂತು ಒಟ್ಟಿಗೆ ಹಾರಬೇಕು, ಗಾಳಿಯಲ್ಲಿ ಒಟ್ಟಿಗೆ ಉರುಳಬೇಕು, ಒಟ್ಟಿಗೆ ನೀರು ಸೇರಬೇಕು. ಒಬ್ಬಳ ಬೆರಳು ಇನ್ನೊಬ್ಬಳ ಬೆರಳಿಗಿಂತ ರೆಪ್ಪೆ ಮಿಟುಕಿಸುವಷ್ಟು ಮೊದಲು ನೀರು ಮುಟ್ಟಿದರೂ ತೀರ್ಪುಗಾರರು ಅಂಕ ಕತ್ತರಿಸುತ್ತಾರೆ. ಹಾರುವ ಮುನ್ನ ಜೋಡಿಯಲ್ಲಿ ಒಬ್ಬರು ಎಣಿಸಬೇಕು. ಬಾಯಿದ್ದವಳು ಮೈನಾ. ಹಾಗಾಗಿ ಎಣಿಕೆ ಅವಳದು. "ಒಂದು, ಎರಡು, ಹೂಂ." ಆ 'ಹೂಂ'ಗೆ ನಾಲ್ಕು ಕಾಲು ಒಟ್ಟಿಗೆ ಏಳುತ್ತಿದ್ದವು.

ಎಂಟು ವರ್ಷ ಹೀಗೆ ಹೋಯಿತು. ಬೆಳಿಗ್ಗೆ ಐದಕ್ಕೆ ಹಲ್ಲು ಕಡಿಯುವ ಚಳಿಯಲ್ಲಿ ಮೊದಲ ನೆಗೆತ. ಆಮೇಲೆ ಹಾಸ್ಟೆಲ್ಲಿನ ಹಿಂದಿನ ಎರಡು ಕೋಣೆಯ ಶಾಲೆ. ಮಧ್ಯಾಹ್ನ ಫೋಮು ತುಂಬಿದ ಹೊಂಡಕ್ಕೆ ಹಾರುವುದು, ಸಂಜೆ ಮತ್ತೆ ನೀರು. ತಟ್ಟೆಯಲ್ಲಿ ಬೀಳುವುದೆಲ್ಲ ತೂಕ ಮಾಡಿದ್ದು. ಅಡುಗೆಯವನು ಆಲೂಗಡ್ಡೆಯ ಒಂದು ಹೋಳನ್ನು ತಕ್ಕಡಿಯಿಂದ ವಾಪಸು ತೆಗೆದಾಗ ಮೈನಾ, "ಅದನ್ನ ತೆಗೆದು ನೀವೇನು ಬಂಗಲೆ ಕಟ್ಟಿಸ್ತೀರಾ ಅಣ್ಣ?" ಎನ್ನುತ್ತಿದ್ದಳು. ಗುಬ್ಬಿ ತುಟಿ ಕಚ್ಚಿ ನಗುತ್ತಿದ್ದಳು. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುವಳು. ರಜೆಗೆ ಮನೆಗೆ ಹೋದರೆ ಮೂರನೇ ದಿನಕ್ಕೇ ಇಬ್ಬರಿಗೂ ವಾಪಸು ಬರುವ ಆತುರ. ಹದಿನಾರನೇ ವಯಸ್ಸಿಗೆ ಕಿರಿಯರ ದೊಡ್ಡ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಬಂತು. ಮಾವ ಟೀವಿಯಲ್ಲಿ ಕಂಡದ್ದು ಆಗಲೇ. ಎರಡು ವರ್ಷದಲ್ಲಿ ಹಿರಿಯರ ತಂಡ, ಆಮೇಲೆ ದೇಶ ದೇಶ ಸುತ್ತುವುದು. ಇಬ್ಬರೂ ಅದನ್ನು ನಾಳೆಯ ಪಾಠವೆಂಬಂತೆ ಮಾತಾಡಿಕೊಳ್ಳುತ್ತಿದ್ದರು.

ಹದಿನೇಳು ತುಂಬುವ ಹೊತ್ತಿಗೆ ಮೈನಾ ಬೆಳೆಯತೊಡಗಿದಳು.

ಅಪ್ಪನ ಮನೆತನದಲ್ಲಿ ಎಲ್ಲರೂ ಉದ್ದ. ರಜೆಗೆ ಬಂದ ಮಗಳನ್ನು ನೋಡಿ ಅಪ್ಪ ಹಿರಿಹಿರಿ ಹಿಗ್ಗಿದ. "ನೋಡೇ, ನಮ್ಮಮ್ಮನ ಎತ್ತರ ಬಂದಿದೆ ಇವಳಿಗೆ!" ಮಗಳು ಊಟ ಬಿಟ್ಟು ಎದ್ದುಹೋದಳು. ಅಪ್ಪನಿಗೆ ತಾನೇನು ತಪ್ಪಾಡಿದೆನೆಂದು ತಿಳಿಯಲಿಲ್ಲ. ಒಂದು ವರ್ಷದಲ್ಲಿ ಅವಳು ಗುಬ್ಬಿಗಿಂತ ನಾಲ್ಕು ಬೆರಳು ಮೇಲೆ ಹೋದಳು. ನಾಲ್ಕು ಬೆರಳೆಂದರೆ ನೆಲದ ಮೇಲೆ ಏನೂ ಅಲ್ಲ. ಗಾಳಿಯಲ್ಲಿ ಉರುಳುವಾಗ ಉದ್ದ ಕಾಲಿನ ಮೈ ಸುತ್ತು ಮುಗಿಸಲು ತಡಮಾಡುತ್ತದೆ. ಅವಳು ಹಸಿವು ಕೊಂದಳು, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವಳಂತೆ ಸೊರಗಿದಳು. ಹೆಗಲು ಮುದುರಿ ನಡೆದಳು. ಮೈ ಕೇಳಲಿಲ್ಲ.

ನೀರಿಗೆ ಬೀಳುವಾಗ ಇಬ್ಬರ ಸದ್ದು ಯಾವಾಗಲೂ ಒಂದೇ ಆಗಿ ಕೇಳುತ್ತಿತ್ತು. ಈಗ ಗುಬ್ಬಿಯದು ಮೊದಲು, ಇವಳದು ಹಿಂದೆ. ಹೀಗೇ ಎರಡು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಸದ್ದು ಮತ್ತೆ ಒಂದಾಯಿತು. ಮೈನಾಗೆ ಹೋದ ಜೀವ ಬಂದಂತಾಯಿತು. ಮೈ ಕೊನೆಗೂ ದಾರಿಗೆ ಬಂತೆಂದುಕೊಂಡಳು. ಆ ವಾರವೇ ಒಂದು ಸಂಜೆ ಕೋಣೆಯಲ್ಲಿ ಗುಬ್ಬಿ ಅಂಗಿ ಬದಲಿಸುವಾಗ ನೋಡಿದಳು: ಬೆನ್ನ ಕೆಳಗೆ, ತೊಡೆಯ ಹಿಂದೆ, ನೇರಳೆ ಬಣ್ಣದ ಬಾಸುಂಡೆಗಳು.

"ಏನೇ ಇದು?"

"ಬಚ್ಚಲಲ್ಲಿ ಜಾರಿದೆ."

ಬಚ್ಚಲಲ್ಲಿ ಜಾರಿದರೆ ಹೀಗೆ ಆಗುವುದಿಲ್ಲ. ಸುತ್ತು ಬಿಚ್ಚಬೇಕಾದ ಹೊತ್ತಿಗೆ ಬಿಚ್ಚದೆ, ಒಂದು ಕ್ಷಣ ತಡೆದು ಬಿಚ್ಚಿದರೆ ಮೈ ನೆಟ್ಟಗೆ ಇಳಿಯದೆ ನೀರಿಗೆ ಅಪ್ಪಳಿಸುತ್ತದೆ. ಆ ಎತ್ತರದಿಂದ ನೀರೆಂದರೆ ಕಲ್ಲು. ಗುಬ್ಬಿ ತಡೆಯುತ್ತಿದ್ದಳು. ತನಗಾಗಿ ತಡೆಯುತ್ತಿದ್ದಳು. ಮೈನಾಗೆ ಅದು ಆ ಗಳಿಗೆಯಲ್ಲೇ ಅರ್ಥವಾಯಿತು. ಅವಳು ಮುಲಾಮಿನ ಡಬ್ಬಿ ತಂದು ಗೆಳತಿಯ ಬೆನ್ನಿಗೆ ನಿಧಾನವಾಗಿ ಹಚ್ಚಿದಳು. ಹೇಳಬೇಕಾದ ಮಾತು ನಾಲಿಗೆ ತುದಿಗೆ ಬಂದಿತ್ತು. 'ಬಿಡು ಕಣೇ, ಹಾಗೆ ಮಾಡಬೇಡ' ಎಂದರೆ ಜೋಡಿ ಅಲ್ಲಿಗೆ ಮುಗಿಯುತ್ತಿತ್ತು. ಎಂಟು ವರ್ಷ ವಟಗುಟ್ಟಿದ ಬಾಯಿ ಅಂದು ಹೊಲಿದಂತೆ ಮುಚ್ಚಿಕೊಂಡಿತು. ಮರುದಿನ ಮತ್ತೆ ಎಣಿಸಿದಳು. ಅದರ ಮರುದಿನವೂ. ಮೂರು ತಿಂಗಳು ಹೀಗೆ ನಡೆಯಿತು, ಮುಲಾಮಿನ ಡಬ್ಬಿ ಎರಡು ಖಾಲಿಯಾದವು.

ಹಿರಿಯರ ತಂಡದ ಆಯ್ಕೆಯ ದಿನ ನಾಲ್ಕು ನೆಗೆತ ಚೆನ್ನಾಗಿಯೇ ಆದವು. ಐದನೆಯದರಲ್ಲಿ ಗುಬ್ಬಿ ಒಂದು ಕೂದಲೆಳೆ ಹೆಚ್ಚು ತಡೆದಳು. ಬೆನ್ನು ನೀರಿಗೆ ಬಡಿದ ಸದ್ದು ಕೊಳದ ಆಚೆ ಬದಿಯ ಗೋಡೆಗೆ ತಾಗಿ ಮರಳಿತು. ಅವಳನ್ನು ಮೇಲೆತ್ತುವಾಗ ಉಸಿರು ಸಿಗದೆ ಬಾಯಿ ಬಾಯಿ ಬಿಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರನೇ ಸ್ಥಾನ.

ಮೂರು ದಿನದ ಮೇಲೆ ಮೇಡಂ ಮೈನಾಳನ್ನು ಆಫೀಸಿಗೆ ಕರೆದರು. ಅವರ ಮುಂದೆ ವಿಡಿಯೋ ತೆರೆದಿಟ್ಟ ಕಂಪ್ಯೂಟರಿತ್ತು. ಗಾಳಿಯಲ್ಲಿ ನಿಂತುಬಿಟ್ಟ ಎರಡು ಮೈಗಳು.

"ಇದು ನಿನ್ನ ತಪ್ಪಲ್ಲ ಮೈನಾ. ಮೈಗೆ ಯಾರು ಏನು ಹೇಳಕ್ಕಾಗತ್ತೆ?"

"ಒಬ್ಬಳೇ ಹಾರ್ತೀನಿ ಮೇಡಂ."

"ಒಬ್ಬೊಬ್ಬರೇ ಹಾರೋದ್ರಲ್ಲಿ ನಿನಗಿಂತ ಮುಂದೆ ನಾಲ್ಕು ಜನ ಇದ್ದಾರಮ್ಮ. ಸುಳ್ಳು ಹೇಳಿ ಇನ್ನೆರಡು ವರ್ಷ ನಿನ್ನ ಇಟ್ಕೊಳ್ಳಬಹುದು. ಅದು ನನ್ನ ಕೈಲಾಗಲ್ಲ." ಮೇಡಂ ನೆಟ್ಟಗೇ ಇದ್ದ ಕಾಗದಗಳನ್ನು ಮತ್ತೆ ನೆಟ್ಟಗೆ ಮಾಡಿದರು. "ಗುಬ್ಬಿಗೆ ಬೇರೆ ಹುಡುಗಿ ಬರ್ತಾಳೆ. ಈ ತಿಂಗಳ ಕೊನೆಗೆ ಹಾಸಿಗೆ ಬಿಟ್ಟುಕೊಡಬೇಕಾಗತ್ತೆ."

ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನವಿರುವಾಗಲೇ ಹೊಸ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಹದಿನೈದರ ಎಳೆಯ ಮುಖ, ಎರಡೂ ಕೈಯಲ್ಲಿ ಅಪ್ಪಿಕೊಂಡ ಚೀಲ. "ಅಕ್ಕ, ಈ ಮಂಚ ನಂದಂತೆ. ಪರವಾಗಿಲ್ಲ, ನೀವು ಹೋಗೋವರೆಗೂ ನಾನು ಕೆಳಗೆ ಮಲಗ್ತೀನಿ." ಅವಳ ಒಳ್ಳೆಯತನವೇ ಮೈನಾಗೆ ಸೂಜಿಯಂತೆ ಚುಚ್ಚಿತು.

ನಾಲ್ಕು ದಿನ ಅವಳು ಮೆಟ್ಟಿಲ ಮೇಲೆ ಕೂತು ಹೊಸ ಜೋಡಿಯ ಅಭ್ಯಾಸ ನೋಡಿದಳು. ಹೊಸ ಹುಡುಗಿಯ ದನಿ ಏಳುತ್ತಿರಲಿಲ್ಲ, ಗುಬ್ಬಿಯ ಕಾಲು ಏಳುತ್ತಿರಲಿಲ್ಲ. ಐದನೇ ದಿನ ಗುಬ್ಬಿ ಒದ್ದೆ ಮೈಯಲ್ಲೇ ಬಂದು ಎದುರು ನಿಂತಳು.

"ಅವಳಿಗೆ ನಿನ್ನ ಎಣಿಕೆ ಒಂಚೂರು ಹೇಳ್ಕೊಡೇ. ಎಲ್ಲಿ ಉಸಿರು ತಗೋತೀಯ, ಎಲ್ಲಿ ನಿಲ್ಲಿಸ್ತೀಯ, ಅಷ್ಟೇ. ಅವಳು ಪಾಪ, ಹೆದರಿದ್ದಾಳೆ. ನಾನೂ ಹೆದರಿದ್ದೀನಿ."

"ಆಯ್ತು. ನಾಳೆ ಹೇಳ್ಕೊಡ್ತೀನಿ" ಎಂದಳು ಮೈನಾ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಕೊಳಕ್ಕೆ ಹೋದ ಮೇಲೆ ಅವಳು ಟ್ರಂಕಿಗೆ ಬೀಗ ಹಾಕಿ, ಕಾವಲುಗಾರನ ಕೈಗೆ ಕೋಣೆಯ ಕೀಲಿ ಕೊಟ್ಟು, ಬಸ್ಸು ಹತ್ತಿದಳು. ಒಂದು ಚೀಟಿಯನ್ನೂ ಬರೆದಿಡಲಿಲ್ಲ.

ಮನೆಯಲ್ಲಿ ಎಲ್ಲ ಒಳ್ಳೆಯವರೇ. ಅದೇ ಕಷ್ಟವಾಯಿತು. ಅಮ್ಮ ಅವಳಿಗೆ ಬೀರುವಿನಿಂದ ಹೂವಿನ ಚಿತ್ರದ ತಟ್ಟೆ ತೆಗೆದು ಬಡಿಸಿದಳು, ನೆಂಟರು ಬಂದಾಗ ತೆಗೆಯುವ ತಟ್ಟೆ. ತಮ್ಮ ತನ್ನ ಕೋಣೆ ಬಿಟ್ಟು ಹಜಾರದಲ್ಲಿ ಮಲಗಿದ. ಅವನ ಪುಸ್ತಕದ ಕಪಾಟಿನಲ್ಲಿ ಅರ್ಧ ಜಾಗ ಖಾಲಿ ಮಾಡಿಕೊಟ್ಟ. ಯಾರು ಮೊದಲು ಸ್ನಾನಕ್ಕೆ ಹೋಗಬೇಕು, ಯಾರ ಕುರ್ಚಿ ಯಾವುದು, ಅಪ್ಪ ಸುಮ್ಮನಿದ್ದರೆ ಯಾಕೆ ಮಾತಾಡಿಸಬಾರದು, ಎಲ್ಲವೂ ಅವಳಿಲ್ಲದೆ ಗೊತ್ತಾಗಿಹೋಗಿತ್ತು. ಮೂವರೂ ಯಾವುದೋ ಹಳೆಯ ನೆಂಟನ ವಿಷಯ ಎತ್ತಿ ಬಿದ್ದು ಬಿದ್ದು ನಕ್ಕಾಗ ಅಮ್ಮ ಇವಳ ಕಡೆ ತಿರುಗಿ, "ನಿಂಗೆ ಗೊತ್ತಿಲ್ಲ ಅಲ್ವಾ, ಇದು ನೀನು ಹೋದ ಮೇಲೆ ಆಗಿದ್ದು" ಎಂದು ಮೊದಲಿನಿಂದ ಹೇಳತೊಡಗುವಳು. ಕಥೆ ಮುಗಿಯುವ ಹೊತ್ತಿಗೆ ನಗು ಆರಿರುತ್ತಿತ್ತು.

ಬೆಳಿಗ್ಗೆ ನಾಲ್ಕೂವರೆಗೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತಿತ್ತು. ಏಳಬೇಕಾದ ಕಾರಣ ಇರುತ್ತಿರಲಿಲ್ಲ. ಓಣಿಯ ಹಳೆಯ ಗೆಳತಿಯರಲ್ಲಿ ಒಬ್ಬಳು ಕಾಲೇಜಿನಲ್ಲಿದ್ದಳು, ಇನ್ನೊಬ್ಬಳ ಕಂಕುಳಲ್ಲಿ ಮಗುವಿತ್ತು. "ನೀನು ದೊಡ್ಡ ಮನುಷ್ಯಳು ಬಿಡಮ್ಮ, ನಮ್ಮನ್ನೆಲ್ಲ ಎಲ್ಲಿ ನೆನಪಿಟ್ಕೊಳ್ತೀಯ" ಎಂದು ಮಗುವಿನ ಮೂಗು ಒರೆಸುತ್ತ ಅವಳು ಒಳಗೆ ಹೋದಳು. ಫೋನು ದಿನವೂ ಬರುತ್ತಿತ್ತು. ಗುಬ್ಬಿಯದು. ಮೈನಾ ಅದನ್ನು ದಿಂಬಿನ ಕೆಳಗೆ ಇಟ್ಟು ಅದರ ಮೇಲೆ ತಲೆ ಇಡುತ್ತಿದ್ದಳು. ಮೂರು ವಾರವಾದ ಮೇಲೆ ಬರುವುದು ನಿಂತಿತು.

ಆರು ತಿಂಗಳು ಹೀಗೆ ಕೂತವಳನ್ನು ನೋಡಲಾರದೆ ಅಮ್ಮ ತನ್ನ ಅಣ್ಣನಿಗೆ ಹೇಳಿದಳು. ಮಾವ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ, "ನಂಗೆ ಕೈ ನಡುಗಕ್ಕೆ ಶುರುವಾಗಿದೆ ಮಗಳೇ. ಮೊನ್ನೆ ಒಬ್ಬರ ಎಡಗಣ್ಣಿನ ಗಾಜು ಬಲಗಡೆ ಹಾಕಿ ಕಳಿಸಿದ್ದೀನಿ. ಪುಣ್ಯಾತ್ಮ ಒಂದು ವಾರ ಕಂಬಕ್ಕೆ ನಮಸ್ಕಾರ ಹೇಳ್ಕೊಂಡು ಓಡಾಡಿದ್ದಾನೆ. ಬಂದು ಸ್ವಲ್ಪ ಮಾನ ಉಳಿಸು" ಎಂದ. ಕೈ ನಡುಕ ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಹೋದಳು.

ಕೆಲಸ ಅವಳಿಗೆ ಒಗ್ಗಿತು. ಗಾಜಿನ ನಡುವಿಗೆ ಮಸಿಯ ಚುಕ್ಕೆ ಇಡುವುದು, ನೀರು ಜಿನುಗುವ ಚಕ್ರಕ್ಕೆ ಹಿಡಿದು ಅಂಚು ಸವೆಸುವುದು, ಬಿಸಿಗಾಳಿಯಲ್ಲಿ ಫ್ರೇಮು ಮೆದುವಾದಾಗ ಒತ್ತಿ ಕೂರಿಸುವುದು. ಕೂದಲೆಳೆ ಹೆಚ್ಚು ಸವೆದರೂ ಗಾಜು ಕೂರುವುದಿಲ್ಲ. ಆ ಬಿಗಿ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಮಧ್ಯಾಹ್ನದ ಹೊತ್ತು. ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಹೆಂಗಸೊಬ್ಬಳಿದ್ದಳು, ಮೂವತ್ತೈದರ ಗಟ್ಟಿಗಿತ್ತಿ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಮೊದಲ ದಿನ ಡಬ್ಬಿ ಬಿಚ್ಚಿ ಅಕ್ಕ ಎರಡನೇ ತುತ್ತು ಎತ್ತುವಷ್ಟರಲ್ಲಿ ಮೈನಾಳ ಡಬ್ಬಿ ಖಾಲಿ.

"ಯಾರಾದ್ರೂ ಕಿತ್ಕೊಂಡು ಹೋಗ್ತಾರೇನೇ ತಾಯಿ?"

"ನಮಗೆ ಹನ್ನೆರಡು ನಿಮಿಷ ಕೊಡ್ತಿದ್ರು ಅಕ್ಕ."

"ಇಲ್ಲಿ ಮುಕ್ಕಾಲು ಗಂಟೆ ಇದೆ. ಊಟ ಹತ್ತು ನಿಮಿಷ, ಉಳಿದದ್ದು ಮಾತು."

ಆ ಮಾತೇ ಅವಳಿಗೆ ಬರುತ್ತಿರಲಿಲ್ಲ. ಸಿನಿಮಾ ಗೊತ್ತಿಲ್ಲ, ಧಾರಾವಾಹಿ ಗೊತ್ತಿಲ್ಲ, ಯಾವ ಬಟ್ಟೆಗೆ ಯಾವ ಅಂಗಡಿ ಗೊತ್ತಿಲ್ಲ. ಮೈನಾ ಎಂಬ ಹೆಸರು ಬಂದದ್ದೇ ಬಾಯಿಯಿಂದ ಎಂದು ಅಲ್ಲಿ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಹಿರಿಯರ ಸ್ಪರ್ಧೆ ಎರಡು ಗಂಟೆ ದೂರದ ಊರಿಗೆ ಬಂತು. ಪೇಪರಿನಲ್ಲಿ ಅದನ್ನು ಮಾವ ಮೊದಲು ನೋಡಿ, ಮಡಚಿ ಕುರ್ಚಿಯ ಕೆಳಗಿಟ್ಟು, ಅವಳೂ ನೋಡಿದ್ದಾಳೆಂದು ತಿಳಿದ ಮೇಲೆ, "ಭಾನುವಾರ ಅಂಗಡಿಗೆ ರಜ" ಎಂದ. ಇಬ್ಬರೂ ಹೋಗಿ ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ ಕೂತರು. ಅಲ್ಲಿಂದ ಡೈವಿಂಗ್ ಗೋಪುರದ ತುದಿಯಲ್ಲಿ ನಿಂತವರು ಕಡ್ಡಿಗಳಂತೆ ಕಂಡರು. ಗುಬ್ಬಿ ಮತ್ತು ಆ ಹುಡುಗಿ ಚೆನ್ನಾಗಿ ಹಾರಿದರು, ನಾಲ್ಕನೆಯವರಾದರು. ಪ್ರತಿ ನೆಗೆತಕ್ಕೂ ಮೈನಾಳ ಹಿಮ್ಮಡಿ ನೆಲದಿಂದ ಏಳುತ್ತಿದ್ದುದನ್ನು ಮಾವ ಕಂಡ. ಕೊನೆಗೆ, "ಹೋಗಿ ಮಾತಾಡಿಸ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ" ಎಂದು ಅವಳ ಬೆನ್ನು ತಟ್ಟಿದ.

ಆಟಗಾರರ ಕ್ಯಾಂಟೀನಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಬ್ಬರೂ ಎದುರುಬದುರು ಕೂತರು. ಗುಬ್ಬಿಯ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮನೆಯವರು ಹೇಗಿದ್ದಾರೆ, ಮೇಡಂ ಹೇಗಿದ್ದಾರೆ, ಎಲ್ಲ ಆಯಿತು. ಆಮೇಲೆ ಗುಬ್ಬಿ ಕೇಳಿದಳು.

"ನಾನು ತಡೀತಿದ್ದದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮುಲಾಮು ಹಚ್ಚಿದ ಮೊದಲನೇ ದಿನದಿಂದ."

ಗುಬ್ಬಿ ಕೂದಲ ನೀರು ಹಿಂಡಿಕೊಂಡಳು. "ಅದಕ್ಕೆ ನಂಗೆ ಸಿಟ್ಟಿಲ್ಲ ಕಣೇ. ಅದು ನಾನೇ ಮಾಡಿದ್ದು, ನೀನು ಕೇಳಿರಲಿಲ್ಲ. ಆದರೆ ನೀನು ಹೋದ ದಿನ ನಾನು ಕೋಣೆಗೆ ಬಂದೆ. ನಿನಗೆ ಅಂತ ಕ್ಯಾಂಟೀನಿಂದ ಎರಡು ಬನ್ನು ಕದ್ದು ತಂದಿದ್ದೆ. ಮಂಚದ ಮೇಲೆ ಬರೀ ಹಲಗೆ. ಆ ಹೊಸ ಹುಡುಗಿ ಕೇಳಿದ್ಲು, ಅಕ್ಕ ಎಲ್ಲಿ ಅಂತ. ನಂಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಸತ್ತೋರ ವಿಷಯ ಹೇಳೋ ಹಾಗೆ ಹೇಳ್ದೆ."

ಮೈನಾ ಬಾಯಿ ತೆರೆದಳು. ಅಷ್ಟರಲ್ಲಿ ಆಚೆಯಿಂದ ಆ ಹುಡುಗಿ "ಬಾರೇ, ಬಸ್ ಹೊರಡತ್ತೆ!" ಎಂದು ಕೂಗಿದಳು. ಗುಬ್ಬಿ ಯೋಚಿಸದೆ, ಒಂದೇ ಏಟಿಗೆ ಎದ್ದು ನಿಂತಳು. ಎದ್ದ ಮೇಲೆ ಇವಳ ಮುಖ ನೋಡಿ ನಾಚಿದಳು. "ಫೋನ್ ಮಾಡ್ತೀನಿ" ಎಂದಳು. "ಮಾಡು, ಈ ಸಲ ಎತ್ತುತ್ತೀನಿ" ಎಂದಳು ಮೈನಾ. ಕ್ಷಮಿಸು ಎಂಬ ಮಾತು ಹಾಗೇ ಉಳಿಯಿತು.

ಫೋನು ಬಂದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಮೈನಾ ಪರೀಕ್ಷೆ ಕಟ್ಟಿ, ಕಣ್ಣು ನೋಡುವ ಕೆಲಸವನ್ನೂ ಅರ್ಧಕ್ಕರ್ಧ ಕಲಿತಿದ್ದಳು. ಮಧ್ಯಾಹ್ನ ಅಕ್ಕನ ಮಾತಿಗೆ ಹೂಂ, ಹೌದು ಎನ್ನುವಷ್ಟು ಪಳಗಿದ್ದಳು. ಅವಳು ಗಿರಾಕಿಯ ಫ್ರೇಮಿನ ತಿರುಪು ಬಿಗಿಮಾಡುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಭುಜ ಹೋಯ್ತು ಕಣೇ" ಎಂದಳು ಗುಬ್ಬಿ. "ಎರಡು ಸಲ ಕುಯ್ದರು. ಹೋದ ವಾರ ಮೇಡಂ ಕರೆದು ಹೇಳಿದ್ರು. ಅದೇ ಕೋಣೆ, ಅದೇ ಮಾತು." ಅವಳ ದನಿ ಮಟ್ಟಸವಾಗಿತ್ತು, ಆಮೇಲೆ ಮಟ್ಟಸವಾಗಿರಲಿಲ್ಲ. "ನಂಗೆ ಏನೂ ಬರಲ್ಲ ಮೈನಾ. ಬ್ಯಾಂಕಿನ ಫಾರಂ ತುಂಬಕ್ಕೂ ಬರಲ್ಲ. ನೀನು ಹೇಗೆ ಮಾಡಿದೆ? ಎಷ್ಟು ದಿನಕ್ಕೆ ಸರಿಹೋಗತ್ತೆ ಇದು?"

ಒಂದು ವರ್ಷ ಎನ್ನಬಹುದಿತ್ತು, ಎರಡು ಎನ್ನಬಹುದಿತ್ತು. ಸುಳ್ಳಾಗುತ್ತಿತ್ತು. "ಇಲ್ಲಿಗೆ ಬಾ" ಎಂದಳು ಮೈನಾ. "ನಮ್ಮನೆಗೆ. ಒಂದು ತಿಂಗಳು ಇರು. ಮಾವನಿಗೆ ಹೇಳ್ತೀನಿ, ಅಂಗಡೀಲಿ ಏನಾದರೂ ಕೆಲಸ ಇರತ್ತೆ. ಏನೂ ಮಾಡದೆ ಸುಮ್ಮನೆ ಕೂತಿದ್ರೂ ಸರಿ."

"ಬರ್ತೀನಿ. ಭಾನುವಾರದ ಬಸ್ಸಿಗೆ."

ಮನೆಯಲ್ಲಿ ಸಡಗರವೆದ್ದಿತು. ಅಪ್ಪ ಡಿಪೋದವರ ಹತ್ತಿರ ಮಡಚುವ ಮಂಚವೊಂದನ್ನು ಕೇಳಿ ತಂದ. ಅಮ್ಮ ಹೊಸ ಹೊದಿಕೆ ಹೊಲಿದಳು. ಅಕ್ಕ, "ನಿನ್ನ ಬಾಯಿಂದ ಈ ಒಂದು ವಾರದಲ್ಲಿ ಬಂದಷ್ಟು ಮಾತು ನಾಲ್ಕು ವರ್ಷದಲ್ಲಿ ಬಂದಿಲ್ಲ ಬಿಡು" ಎಂದಳು. ಭಾನುವಾರ ಮೈನಾ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಹನ್ನೊಂದರ ಬಸ್ಸು ಬಂತು, ಒಂದೂವರೆಯದು ಬಂತು. ನಾಲ್ಕರ ಬಸ್ಸಿನಿಂದ ಕೊನೆಯವನು ಇಳಿದು ಬಾಗಿಲು ಮುಚ್ಚಿಕೊಂಡ ಮೇಲೂ ಅವಳು ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಹಿಂದಿನವರೆಗೆ ನಡೆದಳು. ಫೋನು ಹೋಗುತ್ತಿರಲಿಲ್ಲ.

ಗುರುವಾರ ಗುಬ್ಬಿಯ ಸಂದೇಶ ಬಂತು. ದೂರದ ಒಂದು ಊರಿನಲ್ಲಿ ಯಾವುದೋ ಶಾಲೆಯ ಈಜುಕೊಳ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಭಾನುವಾರವೇ ಹೊರಡಬೇಕಾಯಿತು, ಹೇಳಲು ಧೈರ್ಯ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದು. ಮೈನಾ ಅದನ್ನು ಮೂರು ಸಲ ಓದಿದಳು. ಹೇಳದೆ ಹೋಗುವುದು ಎಷ್ಟು ಸುಲಭವೆಂದು ಅವಳಿಗೆ ಗೊತ್ತಿತ್ತು. ಉದ್ದವಾಗಿ ಏನೋ ಬರೆದಳು, ಅಳಿಸಿದಳು. ಕೊನೆಗೆ "ಒಳ್ಳೇದಾಯ್ತು. ಭುಜ ನೋಡ್ಕೋ" ಎಂದು ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ.

ಮಡಚುವ ಮಂಚ ಇನ್ನೂ ಬಾಗಿಲ ಹಿಂದೆ ಒರಗಿಕೊಂಡಿದೆ. ಡಿಪೋದವರು ಎರಡು ಸಲ ಕೇಳಿದರು. "ಕೊಟ್ಬಿಡಲಾ?" ಎಂದು ಅಪ್ಪ ಪ್ರತಿ ಸಲವೂ ಮಗಳ ಮುಖ ನೋಡುತ್ತಾನೆ.

"ಇರಲಿ ಬಿಡಪ್ಪ, ಇನ್ನೊಂದು ಸ್ವಲ್ಪ ದಿನ" ಎನ್ನುತ್ತಾಳೆ ಅವಳು, ಊಟದ ಡಬ್ಬಿಗೆ ಮುಚ್ಚಳ ಹಾಕುತ್ತ.